ಕಾಗುಣಿತದ ತಪ್ಪು ಮತ್ತು ಮನುಷ್ಯನ ಬುದ್ಧಿ

(ಪದವಿ ಕಾಲೇಜೊಂದರ ಕನ್ನಡ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ)

ಸ್ನೇಹಿತರೇ,

ನಾನು ಮೂವತ್ತು ವರ್ಷಗಳಿಂದ ಕರಡು ತಿದ್ದುವ ಕೆಲಸ ಮಾಡುತ್ತಿದ್ದೇನೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಕೊನೆಯ ಕೆಲವು ವರ್ಷಗಳನ್ನು ಕಂಡವನು, ಡಿಟಿಪಿ ಬಂದ ಮೇಲೂ ಅದೇ ಕೆಲಸದಲ್ಲಿ ಉಳಿದವನು. ಬಸ್ಸಿನ ಹಿಂಬದಿಯಲ್ಲಿ, ಅಂಗಡಿಯ ಫಲಕದಲ್ಲಿ, ಮದುವೆಯ ಕರೆಯೋಲೆಯಲ್ಲಿ ಎಲ್ಲೇ ಕಾಗುಣಿತ ತಪ್ಪಿದ್ದರೂ ಅದು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ನನ್ನನ್ನು ತಡೆಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಮಾತುಗಳನ್ನು ಕೇಳಿ, ಹೇಗೆ ಬರೆದರೂ ನಡೆಯುತ್ತದೆ ಎನ್ನುವವನು ಈತ ಎಂದು ಯಾರೂ ತಿಳಿಯಬಾರದು.

ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪೊಂದರಲ್ಲಿ ನಡೆದ ಜಗಳವನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಮ್ಮ ಮನೆಯ ಸಣ್ಣ ತೋಟದ ಕಾರಣಕ್ಕೆ ನಾನೂ ಆ ಗುಂಪಿನಲ್ಲಿದ್ದೇನೆ. ಬೆಳೆಗಾರರೊಬ್ಬರು ಹೀಗೆ ಬರೆದಿದ್ದರು: "ಹತ್ತು ದಿನದಿಂದ ಮಳೆ ಬಿಟ್ಟಿಲ್ಲ. ಎರಡನೇ ಸಲ ಔಶದಿ ಹೊಡೆಯಲು ಹಾಗುತ್ತಿಲ್ಲ. ಕಾಯಿ ಉದುರುತ್ತಿದೆ. ಏನು ಮಾಡಲಿ?" ಅಡಿಕೆಯ ಕೊಳೆರೋಗಕ್ಕೆ ಮುಂಗಾರು ಹಿಡಿಯುವ ಮೊದಲು ಒಮ್ಮೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದು, ಸುಮಾರು ನಲವತ್ತು ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕು. ಆ ಎರಡನೆಯ ಸಲಕ್ಕೆ ಮಳೆ ಬಿಡುವು ಕೊಡದಿದ್ದರೆ ವರ್ಷದ ಫಸಲು ಮರದ ಬುಡದಲ್ಲಿ ಬಿದ್ದಿರುತ್ತದೆ. ಆ ಮೂರು ಸಾಲುಗಳ ಹಿಂದೆ ಇದ್ದದ್ದು ಒಂದು ಮನೆಯ ವರ್ಷದ ಅನ್ನ.

ಬಂದ ಮೊದಲ ಉತ್ತರ, "ಮೊದಲು ಔಷಧಿ ಎಂದು ಬರೆಯಲು ಕಲಿಯಿರಿ" ಎಂಬುದು. ಎರಡನೆಯವರು, "ಹಾಗುತ್ತಿಲ್ಲ ಅಲ್ಲ, ಆಗುತ್ತಿಲ್ಲ" ಎಂದರು. ಮೂರನೆಯವರು ಬಂದು ಮೊದಲನೆಯವರನ್ನೇ ಹಿಡಿದರು: "ಔಷಧಿ ಎಂಬುದೂ ತಪ್ಪು. ಔಷಧ ಎನ್ನಬೇಕು. ಓಷಧಿ ಎಂದರೆ ಮೂಲಿಕೆ." ಅಲ್ಲಿಗೆ ಮೊದಲನೆಯವರಿಗೆ ಸಿಟ್ಟು ಬಂದು, ತಾವು ಎಂ.ಎ. ಮಾಡಿದವರೆಂದೂ ಎದುರಿಗಿರುವವರು ಎಲ್ಲಿಯವರೆಗೆ ಓದಿದ್ದಾರೆಂದು ತಿಳಿಸಬೇಕೆಂದೂ ಕೇಳಿದರು. ಸಂಜೆಯಾಗುವಾಗ ಮಾತು ಯಾರಿಗೆ ಬುದ್ಧಿಯಿದೆ, ಯಾರಿಗೆ ಇಲ್ಲ ಎಂಬಲ್ಲಿಗೆ ತಲುಪಿತ್ತು. ಎಪ್ಪತ್ತರ ಹತ್ತಿರ ಸಂದೇಶಗಳು ಬಂದಿದ್ದವು; ಉದುರುತ್ತಿದ್ದ ಕಾಯಿಯ ಬಗ್ಗೆ ಅವುಗಳಲ್ಲಿ ಒಂದೂ ಇರಲಿಲ್ಲ.

ಇಂಥ ಜಗಳಗಳನ್ನು ಅಲ್ಲಿಂದೀಚೆಗೆ ಗಮನವಿಟ್ಟು ನೋಡುತ್ತಿದ್ದೇನೆ. ಎಲ್ಲವೂ ಒಂದೇ ದಾರಿ ಹಿಡಿಯುತ್ತವೆ. ಅಕ್ಷರ ತಪ್ಪಿದೆ, ಆದ್ದರಿಂದ ಇವನು ಓದಿಲ್ಲ. ಓದಿಲ್ಲ, ಆದ್ದರಿಂದ ಇವನಿಗೆ ಬುದ್ಧಿಯಿಲ್ಲ. ಬುದ್ಧಿಯಿಲ್ಲ, ಆದ್ದರಿಂದ ಇವನ ಮಾತನ್ನು ಕೇಳಬೇಕಾಗಿಲ್ಲ. ಈ ಮೂರು "ಆದ್ದರಿಂದ"ಗಳಲ್ಲಿ ಒಂದೂ ನಿಲ್ಲುವುದಿಲ್ಲ ಎಂಬುದನ್ನು ನನ್ನ ಕಸುಬಿನ ಅನುಭವದಿಂದ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಅಕ್ಷರದ ಮಾತು. ಔಷಧಿಯನ್ನೇ ತೆಗೆದುಕೊಳ್ಳೋಣ. ಮೂರನೆಯವರು ಹೇಳಿದ್ದು ಸಂಸ್ಕೃತದ ಮಟ್ಟಿಗೆ ನಿಜ: ಓಷಧಿ ಎಂದರೆ ಗಿಡಮೂಲಿಕೆ, ಅದರಿಂದ ಆದದ್ದು ಔಷಧ. ಆದರೆ ಕನ್ನಡಿಗರು ಎಷ್ಟೋ ಕಾಲದಿಂದ ಔಷಧಿ ಎನ್ನುತ್ತ ಬಂದು, ಈಗ ಊರೂರಿನ ಔಷಧಿ ಅಂಗಡಿಯ ಫಲಕದಲ್ಲಿ ಅದೇ ರೂಪ ನಿಂತಿದೆ. ಕರಡಿನಲ್ಲಿ ಯಾವ ರೂಪ ಬಂದರೂ ನಾನು ಹೊಡೆದುಹಾಕುವುದಿಲ್ಲ. ಪುಸ್ತಕದುದ್ದಕ್ಕೂ ಒಂದೇ ರೂಪ ಇರುವಂತೆ ನೋಡಿಕೊಳ್ಳುತ್ತೇನೆ, ಅಷ್ಟೆ. ಇನ್ನೊಬ್ಬರ "ಔಶದಿ"ಯನ್ನು ತಿದ್ದಲು ಬಂದವರು ತಾವೇ ಒಂದು ಹಳೆಯ ತಪ್ಪಿನ ಮೇಲೆ ನಿಂತಿದ್ದರು. ಆ ತಪ್ಪನ್ನು ಮಾಡಿದವರು ಹೆಚ್ಚು ಮಂದಿ, ಹೆಚ್ಚು ಕಾಲ ಮಾಡಿದರು; ಹಾಗಾಗಿ ಅದು ಒಪ್ಪಿತವಾಯಿತು.

"ಹಾಗುತ್ತಿಲ್ಲ" ಎಂಬುದರ ಕಥೆ ಇನ್ನೂ ಆಳದ್ದು. ಹಳೆಯ ಮೈಸೂರಿನ ಅನೇಕ ಊರುಗಳ ಮನೆಮಾತಿನಲ್ಲಿ ಪದದ ಮೊದಲಿನ ಹಕಾರ ಕೇಳಿಸುವುದಿಲ್ಲ. ಹಾಲು ಆಲಾಗುತ್ತದೆ, ಹೋಗು ಓಗಾಗುತ್ತದೆ. ಇದರಷ್ಟು ಗೇಲಿಗೆ ಗುರಿಯಾದ ಉಚ್ಚಾರಣೆ ಕನ್ನಡದಲ್ಲಿ ಬೇರೊಂದಿಲ್ಲ. ಈಗ ಒಂದೇ ಒಂದು ಪದವನ್ನು ಕೈಗೆತ್ತಿಕೊಂಡು ನೋಡೋಣ, ಹತ್ತು ಎಂಬ ಪದವನ್ನು. 941ರಲ್ಲಿ ಕಾವ್ಯ ಬರೆದ ಪಂಪನ ಕನ್ನಡದಲ್ಲಿ ಅದು ಪತ್ತು. ಹಾಲು ಪಾಲ್, ಹೂವು ಪೂ, ಹೋಗು ಪೋಗು. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಈ ಪಕಾರದ ಜಾಗದಲ್ಲಿ ಹಕಾರ ತಲೆಹಾಕತೊಡಗಿ, ನಡುಗನ್ನಡದ ಹೊತ್ತಿಗೆ ಅದೇ ನೆಲೆಯಾಯಿತು. ಆದರೆ ಹಳೆಯ ಪತ್ತು ಪೂರ್ತಿ ಹೋಗಲಿಲ್ಲ. ನಾವು ದಿನವೂ ಎಣಿಸುವಾಗ ಇಪ್ಪತ್ತು ಎನ್ನುತ್ತೇವೆ. ಅಲ್ಲಿ ಪತ್ತು ಹಾಗೆಯೇ ಕುಳಿತಿದೆ. ಮೂವತ್ತರಲ್ಲಿ ಅದೇ ಪಕಾರ ವಕಾರವಾಗಿದೆ, ಒಂಬತ್ತರಲ್ಲಿ ಬಕಾರವಾಗಿದೆ, ಬಿಡಿಯಾಗಿ ನಿಂತಾಗ ಹಕಾರವಾಗಿದೆ, ನಮ್ಮ ಹಳ್ಳಿಗಳಲ್ಲಿ ಆ ಹಕಾರವೂ ಸವೆದು ಅತ್ತು ಆಗಿದೆ. ಒಂದೇ ಪದದ ಐದು ರೂಪಗಳನ್ನು ಒಂದೇ ಬಾಯಿ ಹೇಳುತ್ತದೆ. ಪಕಾರ ಹಕಾರವಾದದ್ದನ್ನು ನಾವು ಭಾಷೆಯ ಬೆಳವಣಿಗೆ ಎಂದು ಪಾಠ ಮಾಡುತ್ತೇವೆ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರ ಬಿದ್ದುಹೋದರೆ ಮಾತ್ರ ಅದನ್ನು ಹೇಳಿದವನಿಗೆ ಬುದ್ಧಿಯಿಲ್ಲ ಎನ್ನುತ್ತೇವೆ.

ಆ ಬೆಳೆಗಾರರು ಹಕಾರವನ್ನು ಬಿಟ್ಟಿರಲಿಲ್ಲ, ಇಲ್ಲದ ಕಡೆ ಸೇರಿಸಿದ್ದರು ಎಂಬುದನ್ನೂ ಗಮನಿಸಬೇಕು. ಚಿಕ್ಕಂದಿನಲ್ಲಿ ಶಾಲೆಯಲ್ಲಿ "ಆಲು" ಎಂದದ್ದಕ್ಕೆ ಬೈಸಿಕೊಂಡವರು ಬರೆಯಲು ಕುಳಿತಾಗ, ಇಲ್ಲೊಂದು ಹಕಾರ ಇದ್ದೀತೇ ಎಂಬ ಹೆದರಿಕೆಯಲ್ಲಿ ಆಗುವುದನ್ನು ಹಾಗುವುದು ಮಾಡುತ್ತಾರೆ. "ವಿಧ್ಯಾರ್ಥಿ", "ಉಚ್ಛಾರಣೆ", "ಧೀರ್ಘ" ಎಂದು ಬೇಡದ ಕಡೆ ಮಹಾಪ್ರಾಣ ಹಾಕುವುದೂ ಇದೇ ಹೆದರಿಕೆಯ ಇನ್ನೊಂದು ಮುಖ. ಇಂಥ ಒಂದೊಂದು ತಪ್ಪಿನ ಹಿಂದೆಯೂ ಸರಿ ಬರೆಯಬೇಕೆಂಬ ಪ್ರಯತ್ನವಿದೆ. ಕರಡಿನಲ್ಲಿ ಇವುಗಳನ್ನು ಕಂಡಾಗ ನನಗೆ ಬರೆದವರ ಬಗ್ಗೆ ಗೌರವವೇ ಹೆಚ್ಚುತ್ತದೆ.

ಮಹಾಪ್ರಾಣದ ವಿಷಯವನ್ನೂ ಹೇಳಬೇಕು. ಹೈಸ್ಕೂಲಿನ ವ್ಯಾಕರಣದಲ್ಲಿ ನೀವೆಲ್ಲ ತತ್ಸಮ, ತದ್ಭವ ಓದಿದ್ದೀರಿ. ಮುಖ ಮೊಗವಾಯಿತು, ಸುಖ ಸೊಗವಾಯಿತು, ಧ್ವನಿ ದನಿಯಾಯಿತು, ಶ್ರೀ ಸಿರಿಯಾಯಿತು. ಕನ್ನಡದ ಬಾಯಿಗೆ ಮಹಾಪ್ರಾಣವೂ ಶಕಾರವೂ ಸಹಜವಾಗಿ ಒಗ್ಗುವುದಿಲ್ಲವೆಂದೂ, ಎರವಲು ಬಂದ ಪದಗಳನ್ನು ಅದು ತನ್ನ ಹದಕ್ಕೆ ತಂದುಕೊಳ್ಳುತ್ತದೆಂದೂ ಆ ಪಾಠದ ತಿರುಳು. ಕವಿ ದನಿ ಎಂದು ಬರೆದರೆ ಅದು ಚೆಲುವು. ಹೆಂಗಸೊಬ್ಬರು ಮಗನ ಮದುವೆಗೆ ಹಾರೈಸಿದವರಿಗೆಲ್ಲ "ದನ್ಯವಾದ" ಎಂದು ಬರೆದರೆ ಅದು ನಗೆಪಾಟಲು. ಬರವಣಿಗೆಯಲ್ಲಿ ಧನ್ಯವಾದವೇ ಸರಿ. ನಾನೂ ಹಾಗೆಯೇ ತಿದ್ದುತ್ತೇನೆ. ಆದರೆ ಆ ತಾಯಿಯ ನಾಲಿಗೆ ಮಾಡಿದ್ದು ಸಾವಿರ ವರ್ಷಗಳಿಂದ ಕನ್ನಡ ಮಾಡುತ್ತ ಬಂದದ್ದನ್ನೇ ಎಂಬುದು ಗೊತ್ತಿದ್ದರೆ ನಗು ಬರುವುದಿಲ್ಲ.

ಇನ್ನು ಳಕಾರ. ಹಳಗನ್ನಡದಲ್ಲಿ ಬದುಕು ಎಂಬ ಅರ್ಥದ ಬಾೞ್ ಬೇರೆ, ಕತ್ತಿ ಎಂಬ ಅರ್ಥದ ಬಾಳ್ ಬೇರೆ; ತಿಳಿ ಎಂಬ ಅರ್ಥದ ಅಱಿ ಬೇರೆ, ಕತ್ತರಿಸು ಎಂಬ ಅರ್ಥದ ಅರಿ ಬೇರೆ. ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಎಂಬ ವ್ಯಾಕರಣವನ್ನು ರಚಿಸಿದ ಕೇಶಿರಾಜ ಈ ೞಕಾರವುಳ್ಳ ಪದಗಳನ್ನು ಒಂದೊಂದಾಗಿ ಕಲೆಹಾಕಿ ಪಟ್ಟಿ ಕೊಟ್ಟಿದ್ದಾನೆ. ಜನ ಎರಡನ್ನೂ ಬೆರೆಸತೊಡಗಿದಾಗಲೇ ಅಂಥ ಪಟ್ಟಿಯ ಅಗತ್ಯ ಬೀಳುವುದು. ಕೊನೆಗೆ ಬೆರೆಸಿದವರೇ ಗೆದ್ದರು, ೞ, ಱ ಎಂಬ ಎರಡು ಅಕ್ಷರಗಳೂ ವರ್ಣಮಾಲೆಯಿಂದ ಹೊರಟುಹೋದವು. ಇಂದು ಅತ್ಯಂತ ಶುದ್ಧವಾಗಿ ಬಾಳು ಎಂದು ಬರೆಯುವ ಪಂಡಿತರೂ ಕೇಶಿರಾಜನ ಲೆಕ್ಕದಲ್ಲಿ ತಪ್ಪು ಬರೆಯುವವರೇ. ನನಗೆ ಕೇಶಿರಾಜನ ಮೇಲೆ ಅಪಾರ ಗೌರವ. ಅವನು ತನ್ನ ನಿಯಮಗಳಿಗೆ ಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಕೊಡುತ್ತ ಹೋಗುತ್ತಾನೆ. ಹೇಳಿದವರ ಮಾತನ್ನು ಮೊದಲು ಕೇಳಿಸಿಕೊಂಡು ಆಮೇಲೆ ಸೂತ್ರ ಬರೆದವನು ಅವನು.

ಅವನಿಗೂ ನಾಲ್ಕು ಶತಮಾನ ಹಿಂದೆ, ಸುಮಾರು 850ರ ಕವಿರಾಜಮಾರ್ಗದಲ್ಲಿ ಈ ವಿಷಯಕ್ಕೆ ನೇರವಾಗಿ ಸಲ್ಲುವ ಮಾತುಗಳಿವೆ. ಅದರ ಮೊದಲ ಭಾಗ ಕಾವ್ಯದ ದೋಷಗಳನ್ನು ಎತ್ತಿ ತೋರಿಸುವಂಥದ್ದು, ಅಂದರೆ ನಮ್ಮ ಕಸುಬಿನ ಹಿರಿಯರದು. ಆದರೂ ಆ ಗ್ರಂಥ ಒಂದೆಡೆ ಕನ್ನಡ ಎನ್ನದೆ ಕನ್ನಡಂಗಳ್ ಎನ್ನುತ್ತದೆ. ಈ ಕನ್ನಡಗಳಲ್ಲಿ ದೋಷ ಇಷ್ಟು ಎಂದು ಗೊತ್ತುಮಾಡಲು ಹೊರಟರೆ ಸಾವಿರ ನಾಲಿಗೆಯ ವಾಸುಕಿಯೂ ಅರಿಯಲಾರದೆ ಬೇಸರಪಟ್ಟಾನು, "ದೇಸಿ ಬೇರೆ ಬೇರಪ್ಪುದರಿಂ" ಎನ್ನುತ್ತದೆ. ಧಾರವಾಡದವರು ಐತಿ ಎನ್ನುತ್ತಾರೆ, ಕಲಬುರಗಿಯವರು ಅದ ಎನ್ನುತ್ತಾರೆ, ಮಂಗಳೂರಿನವರು ಉಂಟು ಎನ್ನುತ್ತಾರೆ, ತುಮಕೂರಿನವರು ಐತೆ ಎನ್ನುತ್ತಾರೆ, ಪುಸ್ತಕ ಇದೆ ಎನ್ನುತ್ತದೆ. ವಾಸುಕಿಯ ಕೈಯಲ್ಲಾಗದ ಕೆಲಸವನ್ನು ಮೊಬೈಲ್ ಹಿಡಿದು ಕುಳಿತವರು ಒಂದು ಮಧ್ಯಾಹ್ನದಲ್ಲಿ ಮುಗಿಸಹೊರಡುವುದು ಸರಿಯೇ? ಅದೇ ಗ್ರಂಥ ನಾಡವರನ್ನು "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" ಎಂದು ಕರೆದದ್ದನ್ನು ನಾವು ಪ್ರತಿ ರಾಜ್ಯೋತ್ಸವದಲ್ಲಿ ಹೇಳಿಕೊಳ್ಳುತ್ತೇವೆ. ಅದರ ಪಕ್ಕದಲ್ಲೇ ಇನ್ನೊಂದು ಮಾತಿದೆ: "ತಂತಮ್ಮ ನುಡಿಯೊಳೆಲ್ಲರ್ ಜಾಣರ್." ಇದನ್ನು ನಾವು ಅಷ್ಟಾಗಿ ಹೇಳುವುದಿಲ್ಲ.

ಎರಡನೆಯ "ಆದ್ದರಿಂದ" ಓದಿನದು. ತಪ್ಪು ಬರೆದವನು ಓದಿಲ್ಲ ಎನ್ನುವಾಗ ನಾವು ನಿಜವಾಗಿ ಏನು ಹೇಳುತ್ತಿದ್ದೇವೆ ಎಂಬುದನ್ನು ಬಿಚ್ಚಿ ಹೇಳಬೇಕು. ಮಹಾಪ್ರಾಣವೂ ಹಕಾರವೂ ಯಾವ ಮನೆಗಳಲ್ಲಿ ತಲೆಮಾರುಗಳಿಂದ ಇದ್ದವು, ಯಾವ ಮನೆಗಳಿಗೆ ಈಗಷ್ಟೇ ಪುಸ್ತಕದ ಮೂಲಕ ಬಂದವು ಎಂಬುದು ನಮ್ಮ ನಾಡಿನಲ್ಲಿ ಜಾತಿಯ ಪ್ರಶ್ನೆ. ಮನೆಯಲ್ಲಿ ಅಕ್ಷರ ಕಂಡ ಮೊದಲ ತಲೆಮಾರಿನ ಹುಡುಗಿ ಮಾಡುವ ತಪ್ಪನ್ನು ಹಿಡಿದು "ಯಾವ ಶಾಲೆಯಲ್ಲಿ ಓದಿದ್ದು?" ಎಂದು ಕೇಳುವವರು ಬಾಯಿಬಿಟ್ಟು ಕೇಳಲಾಗದ ಇನ್ನೊಂದು ಪ್ರಶ್ನೆಯನ್ನು ಅದರೊಳಗೆ ಇಟ್ಟಿರುತ್ತಾರೆ. ಎಲ್ಲರೂ ತಿಳಿದೇ ಹಾಗೆ ಮಾಡುತ್ತಾರೆಂದು ನಾನು ಹೇಳುವುದಿಲ್ಲ. ಕೇಳಿಸಿಕೊಂಡವಳಿಗೆ ಮಾತ್ರ ಅದು ಹಾಗೆಯೇ ಕೇಳಿಸುತ್ತದೆ. ಇತ್ತ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ದೊಡ್ಡ ಕೆಲಸದಲ್ಲಿರುವವರೂ ಕನ್ನಡದಲ್ಲಿ ಇವೇ ತಪ್ಪುಗಳನ್ನು ಮಾಡುತ್ತಾರೆ. ಅವರಿಗೆ ಸಿಗುವುದು "ಇಷ್ಟಾದರೂ ಬರೆದರಲ್ಲ" ಎಂಬ ಮೆಚ್ಚುಗೆ. ತಪ್ಪು ಒಂದೇ, ತೀರ್ಪು ಎರಡು.

ಓದಿಗೂ ಶುದ್ಧ ಭಾಷೆಗೂ ಇರುವ ನಂಟು ನಾವು ಅಂದುಕೊಂಡಷ್ಟು ಬಿಗಿಯಾದದ್ದಲ್ಲ ಎಂಬುದಕ್ಕೆ ಡಾ. ರಾಜ್‌ಕುಮಾರ್ ಅವರಿಗಿಂತ ಹತ್ತಿರದ ಉದಾಹರಣೆ ಬೇಡ. ಅವರು ಪ್ರಾಥಮಿಕ ಶಾಲೆಯನ್ನೂ ಪೂರ್ತಿ ಮುಗಿಸಲಿಲ್ಲ. ಬಾಲ್ಯದಲ್ಲೇ ನಾಟಕ ಕಂಪನಿ ಸೇರಿ, ಗುಬ್ಬಿ ವೀರಣ್ಣನವರ ಕಂಪನಿಯಲ್ಲೂ ಪಳಗಿ, ಹಾಡುತ್ತ, ಮಾತುಗಳನ್ನು ಕಂಠಪಾಠ ಮಾಡುತ್ತ ನುಡಿಯನ್ನು ಕಲಿತರು. ಅಲ್ಪಪ್ರಾಣ, ಮಹಾಪ್ರಾಣಗಳು ಅವರ ಬಾಯಲ್ಲಿ ಎಷ್ಟು ಸ್ಪಷ್ಟವಾಗಿ ಬರುತ್ತಿದ್ದವೆಂಬುದನ್ನು ಇಲ್ಲಿರುವ ಹಿರಿಯರೆಲ್ಲ ಬಲ್ಲರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಲಿಸುವವರು ಜೊತೆಗಿದ್ದು ಕಲಿಸಿದರೆ ನಾಲಿಗೆ ಹೇಗೆ ತಿರುಗುತ್ತದೆ ಎಂಬುದನ್ನು ಅವರ ಬದುಕು ತೋರಿಸಿತು.

ಬುದ್ಧಿಯ ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬುದ್ಧಿಯನ್ನು ಅಳೆಯುವ ಮೊದಲ ಪರೀಕ್ಷೆಯನ್ನು ಫ್ರಾನ್ಸಿನಲ್ಲಿ ಬಿನೆ ಮತ್ತು ಸಿಮೋನ್ ಅವರು 1905ರಲ್ಲಿ ರೂಪಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. ವಿ.ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿದರು. ನೆರವಿಗೆಂದು ಹುಟ್ಟಿದ ಅಳತೆಗೋಲು ಅದು. ಅಕ್ಷರ ಓದುವುದರಲ್ಲೂ ಬರೆಯುವುದರಲ್ಲೂ ಎಡವುವ ಮಕ್ಕಳ ಬುದ್ಧಿ ಬೇರೆಲ್ಲ ವಿಷಯಗಳಲ್ಲಿ ಚುರುಕಾಗಿಯೇ ಇರಬಹುದು ಎಂಬುದು ಇಂದು ಮನೋವೈದ್ಯರಿಗೆಲ್ಲ ತಿಳಿದ ಸಂಗತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಸ್ಥಾನ ಸಿಕ್ಕಿರುವುದು ಇದೇ ಕಾರಣಕ್ಕೆ. ಹೀಗಿರುವಾಗ ದಕಾರವೋ ಧಕಾರವೋ ಎಂಬುದರಿಂದ ಒಬ್ಬರ ತಲೆಯೊಳಗನ್ನು ಓದಲು ಸಾಧ್ಯವೇ ಇಲ್ಲ. ಬೆರಳಿನ ಮಾತೂ ಇದೆ. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಟೈಪ್ ಮಾಡುವ "ನುಡಿ" ತಂತ್ರಾಂಶದಲ್ಲಿ ಬಳಕೆಯಾಗುವ ಕೀಲಿಮಣೆಯಲ್ಲಿ ಎಸ್ ಒತ್ತಿದರೆ ಸ, ಶಿಫ್ಟ್ ಜೊತೆ ಒತ್ತಿದರೆ ಶ, ಎಕ್ಸ್ ಒತ್ತಿದರೆ ಷ. ಒಂದು ಬೆರಳು ಅರೆಕ್ಷಣ ತಡವಾದರೆ ಅಕ್ಷರ ಬದಲಾಗುತ್ತದೆ. ಮೊಬೈಲಿನಲ್ಲಂತೂ ಅದು ಮುಂದೆ ತಂದಿಟ್ಟ ಪದವನ್ನೇ ಜನ ಒತ್ತುತ್ತಾರೆ.

ಹಾಗಾದರೆ ತಿದ್ದಲೇಬಾರದೇ ಎಂದು ನೀವು ಕೇಳಬಹುದು. ತಿದ್ದಬೇಕು. ಪಠ್ಯಪುಸ್ತಕದಲ್ಲಿ, ಸರ್ಕಾರಿ ಆದೇಶದಲ್ಲಿ, ಕೀಟನಾಶಕದ ಡಬ್ಬಿಯ ಮೇಲೆ, ಫಲಕದಲ್ಲಿ ತಪ್ಪು ಉಳಿಯಬಾರದು. "ಮಧ್ಯಪಾನ ನಿಷೇಧ" ಎಂಬ ಫಲಕ ಬೇರೆಯದನ್ನೇ ಹೇಳುತ್ತದೆ. ಅದು ಮದ್ಯಪಾನ ಆಗಬೇಕು. ಪರೀಕ್ಷೆಯಲ್ಲಿ ಅಂಕ ಹೋಗುವ ಭಯ ನಿಮಗೂ ಇದೆಯೆಂದು ಬಲ್ಲೆ. ಅದಕ್ಕೆ ದಾರಿಯೂ ಇದೆ. ಅಚ್ಚಗನ್ನಡದ ಪದಕ್ಕೆ ಮಹಾಪ್ರಾಣ ಬೇಡ. ಆದ್ದರಿಂದ "ಒಂಭತ್ತು" ಅಲ್ಲ, ಒಂಬತ್ತು. ಶುಭಾಶಯ ಎಂದರೆ ಶುಭ ಮತ್ತು ಆಶಯ. ಆಶಯದಲ್ಲಿ ಷಕಾರ ಇಲ್ಲದಿರುವುದರಿಂದ ಶುಭಾಶಯದಲ್ಲೂ ಇಲ್ಲ. ಹಕಾರ ಇದೆಯೋ ಇಲ್ಲವೋ ಎಂದು ಅನುಮಾನ ಬಂದರೆ ಅದೇ ಪದ ಹಳಗನ್ನಡದಲ್ಲಿ ಅಥವಾ ತಮಿಳಿನಲ್ಲಿ ಪಕಾರದಿಂದ ಶುರುವಾಗುತ್ತದೆಯೇ ನೋಡಿ. ಹಾಲಿಗೆ ಪಾಲ್ ಇದೆ, ಹಲ್ಲಿಗೆ ಪಲ್ ಇದೆ. ಆನೆಗೆ ಪಾನೆ ಇಲ್ಲ. ಎಲ್ಲ ಪದಗಳಿಗೂ ಇದು ಒದಗುವುದಿಲ್ಲ, ಬಹಳಷ್ಟಕ್ಕೆ ಒದಗುತ್ತದೆ.

ನಾನು ಕಸುಬಿಗೆ ಬಂದ ಹೊಸದರಲ್ಲಿ ಯುವಕರೊಬ್ಬರ ಮೊದಲ ಕವನ ಸಂಕಲನದ ಕರಡು ನನ್ನ ಕೈಗೆ ಬಂತು. ಪುಟಪುಟಕ್ಕೂ ಅಲ್ಪಪ್ರಾಣ, ಮಹಾಪ್ರಾಣ ಅದಲುಬದಲು. ಬೇಸತ್ತು ಒಂದು ಪುಟದ ಅಂಚಿನಲ್ಲಿ "ಮೊದಲು ಕಾಗುಣಿತ ಕಲಿಯುವುದು ಒಳ್ಳೆಯದು" ಎಂದು ಬರೆದುಬಿಟ್ಟೆ. ಕರಡು ಅವರಿಗೆ ಹೋಯಿತು, ಮತ್ತೆ ಮರಳಲಿಲ್ಲ. ಆ ಪುಸ್ತಕ ಅಚ್ಚಾಗಲೇ ಇಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಆಗ ಹೇಳಿದ್ದು ಒಂದೇ ಮಾತು: "ಅಂಚಲ್ಲಿ ಅಕ್ಷರ ಬರಿಯಪ್ಪ, ಅಭಿಪ್ರಾಯ ಬರೀಬೇಡ." ಆ ಕವನಗಳಲ್ಲಿ ಎರಡು ಸಾಲು ಇಂದಿಗೂ ನನಗೆ ನೆನಪಿವೆ. ಅವು ಚೆನ್ನಾಗಿದ್ದವು ಎಂಬುದನ್ನು ನಾನು ಅಂಚಿನಲ್ಲಿ ಬರೆದಿರಲಿಲ್ಲ.

ಕರಡು ತಿದ್ದುವ ಪದ್ಧತಿಯಲ್ಲೇ ಒಂದು ಮರ್ಯಾದೆ ಇದೆ. ತಿದ್ದುವುದು ಅಚ್ಚಾಗುವ ಮೊದಲು, ಊರಿಗೆ ತಿಳಿಯದಂತೆ. ಬರೆದವರ ಪದದ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಸರಿ ರೂಪ ಬರೆಯುವುದು. ನಮಗೇ ಅನುಮಾನವಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ತೀರ್ಮಾನವನ್ನು ಬರೆದವರಿಗೆ ಬಿಡುವುದು. ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು "ಪ್ರಜಾವಾಣಿ"ಯ "ಇಗೋ ಕನ್ನಡ" ಅಂಕಣದಲ್ಲಿ ವರ್ಷಗಟ್ಟಲೆ ನಡೆಸಿಕೊಂಡು ಬಂದದ್ದೂ ಈ ಮರ್ಯಾದೆಯನ್ನೇ. ಓದುಗರು ಪದದ ಬಗ್ಗೆ ಕೇಳುತ್ತಿದ್ದರು. ಅವರು ಆ ಪದದ ಹುಟ್ಟು, ಅರ್ಥ, ಬಳಕೆಯನ್ನು ಹೇಳುತ್ತಿದ್ದರು. ನಿಘಂಟಿನ ಕೆಲಸದಲ್ಲಿ ಬದುಕು ಸವೆಸಿದ ಅಂಥ ವಿದ್ವಾಂಸರಿಗೆ ಕೇಳಿದವರ ಓದು ಎಷ್ಟು ಎಂದು ವಿಚಾರಿಸಬೇಕೆನಿಸಲಿಲ್ಲ.

ಆ ಬೆಳೆಗಾರರ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಅವರು ತಮ್ಮ ಬರಹವನ್ನು ಅಳಿಸಿಹಾಕಿದ್ದರು. ಅದರ ಬದಲು ಸುಮಾರು ಎರಡು ನಿಮಿಷದ ಧ್ವನಿ ಸಂದೇಶವೊಂದಿತ್ತು, ಹಿನ್ನೆಲೆಯಲ್ಲಿ ಹಂಚಿನ ಮೇಲೆ ಬೀಳುವ ಮಳೆಯ ಸದ್ದು. ತೋಟದ ತಗ್ಗಿನ ಬದಿಯ ಮರಗಳಲ್ಲಿ ಮೊದಲು ಶುರುವಾದದ್ದು, ಕೊನೆಯ, ಅಂದರೆ ಅಡಿಕೆ ಗೊಂಚಲಿನ, ಬುಡದ ಕಾಯಿಗಳ ಬಣ್ಣ ಹೇಗೆ ತಿರುಗಿತು ಎಂಬುದು, ಮರ ಜಾರುವುದರಿಂದ ಕೊನೆಗಾರ ಹತ್ತಲು ಒಪ್ಪುತ್ತಿಲ್ಲ ಎಂಬುದು, ಹಿಂದೆಲ್ಲ ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು, ಈಗ ಅದನ್ನು ಕಟ್ಟಬಲ್ಲವರು ಊರಿನಲ್ಲಿ ಉಳಿದಿಲ್ಲ ಎಂಬುದು, ಎಲ್ಲವನ್ನೂ ಒಂದಾದ ಮೇಲೊಂದರಂತೆ, ಒಂದು ಮಾತೂ ಹೆಚ್ಚಿಲ್ಲದೆ ಹೇಳಿದ್ದರು. ಅರ್ಧ ಗಂಟೆಯಲ್ಲಿ ಹಿರಿಯ ಬೆಳೆಗಾರರೊಬ್ಬರು ಉತ್ತರ ಕೊಟ್ಟರು: ರೋಗ ಬಂದ ಕೊನೆಗಳನ್ನು ತೆಗ್ಸಿ, ಉದುರಿದ ಕಾಯಿ ಒಂದೂ ಬಿಡದೆ ಆರಿಸಿ ತೋಟದಿಂದ ಹೊರಗೆ ಹಾಕ್ಸಿ, ಮಳೆ ಬಿಡುವು ಕೊಟ್ಟ ಕೂಡಲೇ ಹೊಡೆಯೋದಕ್ಕೆ ಮೈಲುತುತ್ತ, ಸುಣ್ಣ ಸಿದ್ಧ ಇಟ್ಕೊಳ್ಳಿ.

ಆ ಬೆಳೆಗಾರರು ಈಗಲೂ ಗುಂಪಿನಲ್ಲಿದ್ದಾರೆ. ಕೇಳುವುದಿದ್ದರೆ ಧ್ವನಿ ಸಂದೇಶದಲ್ಲಿ ಕೇಳುತ್ತಾರೆ. ಅಂದಿನಿಂದ ಇಂದಿನವರೆಗೆ ಅವರು ಅಲ್ಲಿ ಕನ್ನಡದಲ್ಲಿ ಒಂದು ಸಾಲೂ ಬರೆದಿಲ್ಲ.